ಕಾಗದದ ಬಟ್ಟಲಿನ ನ್ಯಾಯ

ಗಲ್ಫಿನಲ್ಲಿ ದುಡಿಯುವ ನಮಗೆ ಕೇಕ್ ಕತ್ತರಿಸುವ ಸಂಭ್ರಮಕ್ಕೆ ಕೊರತೆಯಿಲ್ಲ. ಕಂಪನಿಯ ವಾರ್ಷಿಕೋತ್ಸವ, ಮ್ಯಾನೇಜರರ ಹುಟ್ಟುಹಬ್ಬ, ನಮ್ಮದೇ ಸಂಘಗಳ ಸಮಾರಂಭ, ಎಲ್ಲದಕ್ಕೂ ಒಂದು ದೊಡ್ಡ ಕೇಕ್ ಬೇಕು. ಮೊದಲ ತುಂಡು ವೇದಿಕೆಯವರಿಗೆ, ಆಮೇಲಿನದು ಮುಂದಿನ ಸಾಲಿಗೆ. ಕುರ್ಚಿ ಜೋಡಿಸಿದವರಿಗೆ, ಬಾಗಿಲು ಕಾದವರಿಗೆ ಉಳಿಯುವುದು ರಟ್ಟಿಗೆ ಅಂಟಿದ ಕ್ರೀಮು. ಈ ತಾರತಮ್ಯಕ್ಕೆ ಬ್ರಿಟನ್ನಿನ ಸಾಮಾನ್ಯ ಅಡುಗೆಮನೆಗಳಲ್ಲಿ ಒಳ್ಳೆಯ ಉತ್ತರವೊಂದಿದೆ. ಅದು ಕಾಗದದ ಬಟ್ಟಲಿನ ಪುಟ್ಟ ಕೇಕ್.

ಕಪ್‌ಕೇಕ್ ಎಂಬ ಹೆಸರು ಅಮೆರಿಕದ್ದು. 1796ರ ಅಮೆಲಿಯಾ ಸಿಮನ್ಸ್ ಅವರ ಅಡುಗೆ ಪುಸ್ತಕದಲ್ಲಿ ಸಣ್ಣ ಕಪ್ಪುಗಳಲ್ಲಿ ಬೇಯಿಸುವ ಕೇಕಿನ ಮಾತಿದೆ. 1828ರಲ್ಲಿ ಎಲೈಜಾ ಲೆಸ್ಲಿ ಆ ಹೆಸರನ್ನೇ ಬಳಸಿದರು. ಆದರೆ ಬ್ರಿಟನ್ನಿನಲ್ಲಿ 18ನೇ ಶತಮಾನದಲ್ಲೇ ಒಣದ್ರಾಕ್ಷಿ ಹಾಕಿ ಪುಟ್ಟ ಅಚ್ಚುಗಳಲ್ಲಿ ಬೇಯಿಸುವ ಕ್ವೀನ್ ಕೇಕ್ ಇತ್ತು. ಮುಂದೆ ಮನೆಮನೆಯ ಮಾತಾದದ್ದು ಫೇರಿ ಕೇಕ್. ಕಿನ್ನರಿಯರಿಗೆ ಸಾಲುವಷ್ಟು ಪುಟ್ಟದು ಎಂಬ ಭಾವ ಹೆಸರಿನಲ್ಲೇ ಇದೆ.

ಇದು ಬಡವರ ಮನೆಗೂ ಬರಲು ಕಾರಣಗಳಿವೆ. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ತಯಾರಿಸಿದರು. ಅವರ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ. 1845ರಲ್ಲಿ ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ ತಾನಾಗಿ ಉಬ್ಬುವ ಹಿಟ್ಟಿಗೆ ಪೇಟೆಂಟ್ ಪಡೆದರು. 1874ರಲ್ಲಿ ಸಕ್ಕರೆಯ ಸುಂಕ ರದ್ದಾಯಿತು. ಗಂಟೆಗಟ್ಟಲೆ ಹಿಟ್ಟು ಕಡೆಯುವ ಆಳುಗಳಿಲ್ಲದ ಮನೆಯಲ್ಲೂ ಕೇಕ್ ಉಬ್ಬಿತು. ಅಳತೆಯೂ ಸುಲಭ. ಮೊಟ್ಟೆ ಎಷ್ಟು ತೂಗುತ್ತದೋ ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಹಿಟ್ಟು.

ನೆರಿಗೆ ಹಿಡಿದ ಕಾಗದದ ಬಟ್ಟಲು ಉಳಿದ ಕೆಲಸ ಮಾಡಿತು. ಅಚ್ಚಿಗೆ ಬೆಣ್ಣೆ ಸವರಬೇಕಿಲ್ಲ, ತಿಕ್ಕಿ ತೊಳೆಯಬೇಕಿಲ್ಲ. ಕೇಕ್ ಬೇಗ ಒಣಗುವುದಿಲ್ಲ. ಶಾಲೆಗೋ ಚರ್ಚಿನ ಸಂತೆಗೋ ಒಯ್ದರೆ ಮುರಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಚಾಕು ಬೇಡ. ಚಾಕು ಇಲ್ಲದ ಕಡೆ ದೊಡ್ಡ ತುಂಡು, ಸಣ್ಣ ತುಂಡು ಎಂಬ ಮಾತೂ ಇಲ್ಲ.

ಯುದ್ಧಕಾಲದಲ್ಲಿ ಅಲ್ಲಿ ಸಕ್ಕರೆಗೆ ಪಡಿತರ ಬಂತು. 1940ರಲ್ಲಿ ಶುರುವಾದದ್ದು ಮುಗಿದದ್ದು 1953ರಲ್ಲಿ. ಅಂಥ ಕಾಲವನ್ನು ಕಂಡ ಜನರಿಗೆ ತೆಳುವಾದ ಸಕ್ಕರೆ ಲೇಪದ ಒಂದು ಪುಟ್ಟ ಕೇಕ್ ಸಣ್ಣ ಸಂಗತಿಯಲ್ಲ. 2000ದ ನಂತರ ಗಾಳಿ ತಿರುಗಿತು. ನ್ಯೂಯಾರ್ಕಿನ ಬೇಕರಿಗಳು ಟಿವಿ ಧಾರಾವಾಹಿಯಿಂದ ಹೆಸರಾದವು. 2004ರಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಹಮ್ಮಿಂಗ್‌ಬರ್ಡ್ ಬೇಕರಿ ಅಮೆರಿಕದ ಶೈಲಿಯಲ್ಲಿ ತೆರೆಯಿತು. ಬಟ್ಟಲು ದೊಡ್ಡದಾಯಿತು, ಕೇಕಿನ ಮೇಲೆ ಬೆಣ್ಣೆಕ್ರೀಮಿನ ಗೋಪುರ ಎದ್ದಿತು, ಬೆಲೆಯೂ ಅದರ ಜೊತೆ ಏರಿತು. ಹಂಚಿ ತಿನ್ನುವ ತಿಂಡಿ ತೋರಿಸುವ ತಿಂಡಿಯಾಯಿತು.

ನಮ್ಮ ಮನೆಗಳಿಗೆ ಬಂದದ್ದು ಈ ಗೋಪುರವೇ. ಮಗುವಿನ ಹುಟ್ಟುಹಬ್ಬಕ್ಕೆ ಇಡೀ ತರಗತಿಗೆ ಅಂಗಡಿಯ ಕಪ್‌ಕೇಕ್ ಕಳಿಸದಿದ್ದರೆ ಮರ್ಯಾದೆ ಹೋಯಿತು ಎಂದುಕೊಂಡು ಸಂಬಳದ ಲೆಕ್ಕ ತಪ್ಪಿಸಿಕೊಳ್ಳುವವರಿದ್ದಾರೆ. ಮಕ್ಕಳು ಕ್ರೀಮು ನೆಕ್ಕಿ ಕೇಕನ್ನು ಬಿಸಾಡುತ್ತಾರೆ. ಹೀಗಾದರೆ ಆ ಬಟ್ಟಲಿನ ಅರ್ಥವೇ ಹೋಯಿತು.

ಕಾಗದ ಕಸವಲ್ಲವೇ ಎಂದು ಕೇಳಬಹುದು. ಹೌದು. ಆದರೆ ಕತ್ತರಿಸಿದ ಕೇಕಿಗೆ ತಟ್ಟೆ ಬೇಕು, ಪ್ಲಾಸ್ಟಿಕ್ ಚಮಚ ಬೇಕು. ಇದಕ್ಕೆ ಎರಡೂ ಬೇಡ.

ಕರಾವಳಿಯವರಿಗೆ ಈ ನ್ಯಾಯ ಹೊಸತೂ ಅಲ್ಲ. ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಹೆಣೆದ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವ ಕಡುಬು ಇದೇ ಲೆಕ್ಕದ್ದು. ಬಟ್ಟಲೇ ಅಚ್ಚು, ಬಟ್ಟಲೇ ಪೊಟ್ಟಣ. ಕಾಗದಕ್ಕಿಲ್ಲದ ಪರಿಮಳ ಎಲೆಗಿದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ನಮ್ಮ ಸಂಘಗಳಿಗೆ ನನ್ನ ಸಲಹೆ ಇಷ್ಟು. ಮುಂದಿನ ರಾಜ್ಯೋತ್ಸವಕ್ಕೆ ದೊಡ್ಡ ಕೇಕ್ ಬಿಡೋಣ. ಎಲೆ ಸಿಕ್ಕರೆ ಕೊಟ್ಟೆ ಕಡುಬು, ಸಿಗದಿದ್ದರೆ ಗೋಪುರವಿಲ್ಲದ ಪುಟ್ಟ ಕೇಕ್, ತಲೆಗೊಂದು. ಹಂಚುವುದನ್ನು ವೇದಿಕೆಯಿಂದಲ್ಲ, ಬಾಗಿಲಿನಿಂದ ಶುರುಮಾಡೋಣ.