ಎಣಿಕೆ ತಪ್ಪಿದ್ದಲ್ಲ

ಅಮೆರಿಕದ ಕಾರ್ ರೇಸಿನ ಚರಿತ್ರೆ ಬರೆಯುವವರಿಗೆ ಬಲು ಅನುಕೂಲದ ಮಾತೊಂದಿದೆ: 'ಎಣಿಕೆಯ ತಪ್ಪು'. 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ, ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕಿನಲ್ಲಿ, ನಾಸ್ಕಾರ್ ಸಂಸ್ಥೆ ನಡೆಸಿದ ರೇಸನ್ನು ವೆಂಡೆಲ್ ಸ್ಕಾಟ್ ಗೆದ್ದ. ಎರಡನೆಯವನಿಗಿಂತ ಎರಡು ಸುತ್ತು ಮುಂದಿದ್ದ. ಆದರೆ ಗೆದ್ದವನೆಂದು ಸಾರಿ ಟ್ರೋಫಿ ಕೊಟ್ಟದ್ದು ಬಕ್ ಬೇಕರ್‌ಗೆ. ಜನವೆಲ್ಲ ಮನೆಗೆ ಹೋದ ಮೇಲೆ ಅಧಿಕಾರಿಗಳು ಎಣಿಸುವಾಗ ತಪ್ಪಾಯಿತೆಂದು ಒಪ್ಪಿದರು. ಸ್ಕಾಟ್‌ಗೆ ಹಣ ಸಿಕ್ಕಿತು, ಟ್ರೋಫಿ ಸಿಗಲಿಲ್ಲ.

ಸ್ಕಾಟ್ ಕರಿಯ. ಗೆದ್ದವನಿಗೆ ಬಿಳಿಯ ಸುಂದರಿಯೊಬ್ಬಳು ಮುತ್ತಿಡುವುದು ಆಗ ಅಲ್ಲಿನ ವಾಡಿಕೆಯಾಗಿತ್ತು. ಆ ನೋಟ ಜನರ ಕಣ್ಣಿಗೆ ಬೀಳಬಾರದೆಂದೇ ಎಣಿಕೆ 'ತಪ್ಪಿತು' ಎಂದು ಅವನೂ ಅವನ ಮನೆಯವರೂ ಕೊನೆಯವರೆಗೆ ನಂಬಿದ್ದರು.

ಆಗ ಸುತ್ತು ಎಣಿಸುತ್ತಿದ್ದುದು ಮನುಷ್ಯರೇ ಅಲ್ಲವೇ, ತಪ್ಪಾಗದೆ ಇರುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. 1911ರಲ್ಲಿ ಇಂಡಿಯಾನಾಪೊಲಿಸ್‌ನ ಮೊದಲ 500 ಮೈಲಿ ರೇಸಿನಲ್ಲಿ ಗೆದ್ದವನು ರೇ ಹ್ಯಾರೂನೋ ರಾಲ್ಫ್ ಮಲ್ಫೋರ್ಡೋ ಎಂಬ ಜಗಳ ಇನ್ನೂ ತೀರಿಲ್ಲ. ಆದರೆ ಜಾಕ್ಸನ್‌ವಿಲ್‌ನಲ್ಲಿ ಜಗಳವೇ ಇಲ್ಲ. ಲೆಕ್ಕ ಕೆಲವೇ ಗಂಟೆಗಳಲ್ಲಿ ಸರಿಯಾಯಿತು. ನಾಸ್ಕಾರ್ ಅವನ ಮನೆಯವರ ಕೈಗೆ ಟ್ರೋಫಿ ಇಟ್ಟದ್ದು ಮಾತ್ರ 2021ರ ಆಗಸ್ಟಿನಲ್ಲಿ. ಸ್ಕಾಟ್ 1990ರಲ್ಲೇ ತೀರಿಕೊಂಡಿದ್ದ. ಸುತ್ತು ಎಣಿಸಲು ಬಾರದವರ ಕೆಲಸವಲ್ಲ ಇದು.

ಇನ್ನು ಅಂಕಿಅಂಶ. ಸ್ಕಾಟ್: 495 ರೇಸು, 1 ಗೆಲುವು. ರಿಚರ್ಡ್ ಪೆಟಿ: 200 ಗೆಲುವು. ಪಕ್ಕಪಕ್ಕದಲ್ಲಿ ಅಚ್ಚಾದಾಗ ಇದು ಬರೀ ಪ್ರತಿಭೆಯ ಅಂತರದಂತೆ ಕಾಣುತ್ತದೆ. ಡಾರ್ಲಿಂಗ್ಟನ್ ಟ್ರ್ಯಾಕು ಸ್ಕಾಟ್‌ನನ್ನು ವರ್ಷಗಟ್ಟಲೆ ಒಳಗೇ ಬಿಡಲಿಲ್ಲ. ಕಾರ್ ಕಂಪನಿಗಳ ಹಣದ ಬೆಂಬಲವಿಲ್ಲದೆ, ಹಳೆಯ ಕಾರುಗಳನ್ನು ತಾನೇ ರಿಪೇರಿ ಮಾಡಿಕೊಂಡು, ಮಕ್ಕಳನ್ನೇ ಮೆಕ್ಯಾನಿಕ್ಕುಗಳನ್ನಾಗಿಸಿಕೊಂಡು ಓಡಿಸಿದ. ಇದಕ್ಕೆ ಆ ಪಟ್ಟಿಯಲ್ಲಿ ಕಾಲಮ್ಮಿಲ್ಲ.

ಇಂಡಿಯಾನಾಪೊಲಿಸ್ ಎಂದೊಡನೆ ಎಲ್ಲರೂ 1909ರಲ್ಲಿ ಟ್ರ್ಯಾಕಿಗೆ ಹಾಸಿದ 32 ಲಕ್ಷ ಇಟ್ಟಿಗೆಗಳ ಕಥೆ ಹೇಳುತ್ತಾರೆ. ಅದೇ ಊರಿನಲ್ಲಿ, ಆ ಟ್ರ್ಯಾಕಿಗೆ ಪ್ರವೇಶವಿಲ್ಲದ ಕರಿಯ ಚಾಲಕರು 1924ರಿಂದ ಜಾತ್ರೆ ಮೈದಾನದ ಮಣ್ಣಿನ ಟ್ರ್ಯಾಕಿನಲ್ಲಿ 'ಗೋಲ್ಡ್ ಅಂಡ್ ಗ್ಲೋರಿ' ಎಂಬ ತಮ್ಮದೇ ರೇಸು ನಡೆಸಿದರು. ಅದನ್ನು ಮತ್ತೆ ಮತ್ತೆ ಗೆದ್ದ ಮೆಕ್ಯಾನಿಕ್ ಚಾರ್ಲಿ ವಿಗಿನ್ಸ್ 1936ರಲ್ಲಿ ಅಲ್ಲೇ ಅಪಘಾತದಲ್ಲಿ ಕಾಲು ಕಳೆದುಕೊಂಡ. ಇಟ್ಟಿಗೆಯ ಲೆಕ್ಕ ಬಾಯಿಪಾಠವಿರುವವರಿಗೆ ಈ ಹೆಸರು ನೆನಪಿಲ್ಲ. 500 ಮೈಲಿ ರೇಸಿಗೆ ಮೊದಲ ಕರಿಯ ಚಾಲಕ ವಿಲಿ ಟಿ. ರಿಬ್ಸ್ ಅರ್ಹತೆ ಪಡೆದದ್ದು 1991ರಲ್ಲಿ.

ಸಾಹಿತ್ಯದವರಾದ ನಾವೂ ಇದರಿಂದ ಹೊರಗಿಲ್ಲ. ಕಳ್ಳಭಟ್ಟಿ ಸಾಗಿಸುತ್ತಿದ್ದ ಜೂನಿಯರ್ ಜಾನ್ಸನ್ ಬಗ್ಗೆ ಟಾಮ್ ವುಲ್ಫ್ 1965ರಲ್ಲಿ 'ಎಸ್ಕ್ವೈರ್'ನಲ್ಲಿ ಬರೆದ ಪ್ರಬಂಧವನ್ನು ಹೊಸ ಗದ್ಯದ ಮಾದರಿಯೆಂದು ಓದುತ್ತೇವೆ, ಓದಬೇಕಾದ್ದೇ. ಶೀರ್ಷಿಕೆಯಲ್ಲೇ ಅವನು ಅಮೆರಿಕದ ಕೊನೆಯ ವೀರನಾದ. 1986ರಲ್ಲಿ ಅಧ್ಯಕ್ಷ ರೇಗನ್ ಅವನ ಹಳೆಯ ಅಪರಾಧವನ್ನು ಕ್ಷಮಿಸಿದರು. ಸ್ಕಾಟ್ ಕೂಡ ಕಳ್ಳಭಟ್ಟಿ ಸಾಗಿಸಿದವನೇ, ಪೊಲೀಸರ ಕೈಗೆ ಸಿಕ್ಕಿಬಿದ್ದವನೇ. ವುಲ್ಫ್ ಬರೆಯುವ ಹೊತ್ತಿಗೆ ಜಾಕ್ಸನ್‌ವಿಲ್ ರೇಸು ಮುಗಿದು ಎರಡು ವರ್ಷವೂ ಆಗಿರಲಿಲ್ಲ.

ಸ್ಕಾಟ್‌ನ ನಂತರ ನಾಸ್ಕಾರ್‌ನ ಅತ್ಯುನ್ನತ ದರ್ಜೆಯಲ್ಲಿ ಗೆದ್ದ ಮುಂದಿನ ಕರಿಯ ಚಾಲಕ ಬಬ್ಬಾ ವಾಲೆಸ್. 2021ರ ಅಕ್ಟೋಬರ್, ಟಾಲಡೇಗಾ. 1973ರಲ್ಲಿ ಸ್ಕಾಟ್‌ಗೆ ಭೀಕರ ಅಪಘಾತವಾದ ಟ್ರ್ಯಾಕು ಅದು. ಮಳೆ ಸುರಿದು ರೇಸು ಅರ್ಧಕ್ಕೆ ನಿಂತಿತು. ವಾಲೆಸ್‌ಗೆ ಟ್ರೋಫಿಯನ್ನು ಅಂದೇ ಕೊಟ್ಟರು.