ಉಕ್ಕಿನ ಮನುಷ್ಯ ಯಾರ ಸ್ವತ್ತು?

ಅಮೆರಿಕದ ಚಿತ್ರಕಥೆಗಳ ವೀರ ಸೂಪರ್‌ಮ್ಯಾನನ ಹೊಸ ಚಲಚ್ಚಿತ್ರ 2025ರಲ್ಲಿ ತೆರೆಗೆ ಬಂತು. ಈ ವೀರನನ್ನು ಹೊಗಳುವವರು ಒಂದು ಮಾತನ್ನು ತಪ್ಪದೆ ಆಡುತ್ತಾರೆ: ತಲೆಮಾರಿನಿಂದ ತಲೆಮಾರಿಗೆ ಅವನು ಕಾಲಕ್ಕೆ ತಕ್ಕಂತೆ ತಾನಾಗಿಯೇ ಬದಲಾದನಂತೆ! ನಾವು ಇದನ್ನು ಒಪ್ಪುವುದಿಲ್ಲ. ಕಾಗದದ ಮನುಷ್ಯ ತಾನಾಗಿ ಬದಲಾಗಲಾರ. ಬದಲಾಯಿಸುವ ಹಕ್ಕು ಯಾರ ಕೈಯಲ್ಲಿದೆಯೋ ಅವರು ಬದಲಾಯಿಸುತ್ತಾರೆ.

ಗಿರಣಿಯಲ್ಲಿ ನೂಲು ತೆಗೆಯುವವರಿಗೆ, ಪೇಟೆಯಲ್ಲಿ ತಕ್ಕಡಿ ಹಿಡಿದವರಿಗೆ ಈ ಗೊಡವೆ ಏಕೆಂದು ಕೇಳಬಹುದು. ದುಡಿದವನಾರು, ಉಂಡವನಾರು ಎಂಬ ಹಳೆಯ ಪ್ರಶ್ನೆಯೇ ಇಲ್ಲಿಯೂ ಇರುವುದರಿಂದ ಇದು ನಮ್ಮ ಗೊಡವೆಯೇ ಹೌದು.

ಈ ವೀರನನ್ನು ಸೃಷ್ಟಿಸಿದವರು ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಬಡ ಯಹೂದಿ ತರುಣರು. ಚಿತ್ರ ಬರೆದ ಜೋ ಶುಸ್ಟರನ ತಂದೆ ದರ್ಜಿ. ಕಥೆ ಬರೆದ ಜೆರ್ರಿ ಸೀಗೆಲ್‌ನ ತಂದೆ ಹಳೆಯ ಬಟ್ಟೆಯ ಪುಟ್ಟ ಅಂಗಡಿಕಾರ. 1932ರಲ್ಲಿ ಅಂಗಡಿಗೆ ಕಳ್ಳರು ನುಗ್ಗಿದಾಗ ಎದೆಯೊಡೆದು ಅಲ್ಲಿಯೇ ಸತ್ತ. ದೇಶವೆಲ್ಲ ನಿರುದ್ಯೋಗದಲ್ಲಿ ನರಳುತ್ತಿದ್ದ ಕಾಲವದು. ಅಂತಹ ಮನೆಗಳ ಮಕ್ಕಳು ಎಂತಹ ವೀರನನ್ನು ಕನಸಿದರು?

1938ರ ಮೊದಲ ಸಂಚಿಕೆಯಲ್ಲಿಯೇ ಅವನು ಶಾಸಕನನ್ನು ಕೊಂಡುಕೊಳ್ಳಲು ಬಂದ ದಲ್ಲಾಳಿಯನ್ನು ಹಿಡಿದ. ಮರುತಿಂಗಳು ಮದ್ದುಗುಂಡಿನ ವ್ಯಾಪಾರಿಯನ್ನು ರಣರಂಗಕ್ಕೆ ಸಿಪಾಯಿಯಾಗಿ ಎಳೆದೊಯ್ದ. ಮೂರನೆಯ ಸಂಚಿಕೆಯಲ್ಲಿ ಗಣಿ ಕಾರ್ಮಿಕನ ವೇಷ ಹಾಕಿ, ಮೋಜು ಮಾಡುತ್ತಿದ್ದ ಮಾಲೀಕನನ್ನೂ ಅವನ ಅತಿಥಿಗಳನ್ನೂ ಗಣಿಯೊಳಗೇ ಸಿಕ್ಕಿಸಿ, ಕೂಲಿಯ ಜೀವಭಯವೆಂದರೇನೆಂದು ಕಲಿಸಿದ. 1939ರಲ್ಲಿ ಕೊಳಚೆ ಕೇರಿಯನ್ನು ಕೆಡವಿ ಸರ್ಕಾರ ಹೊಸ ಮನೆ ಕಟ್ಟಲೇಬೇಕಾಗುವಂತೆ ಮಾಡಿದ. ಅವನ ಮೇಲೆ ಸೈನ್ಯವೇ ಬಂತು.

ಇಂತಹವನು ಹೆಚ್ಚು ದಿನ ಉಳಿಯಲಿಲ್ಲ. ಪತ್ರಿಕೆ ಲಕ್ಷಗಟ್ಟಲೆ ಮಾರತೊಡಗಿದೊಡನೆ ಪ್ರಕಾಶಕರ ಸಂಪಾದಕರು ಅವನಿಗೆ ಮೂಗುದಾರ ಹಾಕಿದರು. ಯುದ್ಧಕಾಲದಲ್ಲಿ, 1942ರಲ್ಲಿ, ಸತ್ಯ ನ್ಯಾಯಗಳ ಜತೆಗೆ ಅಮೆರಿಕದ ಜೀವನಮಾರ್ಗದ ರಕ್ಷಕನೆಂದು ರೇಡಿಯೋ ಅವನನ್ನು ಸಾರಿತು. ನಾಜಿಗಳ ವಿರುದ್ಧ ಹೋರಾಡಿದ್ದನ್ನು ನಾವು ಹಳಿಯುವುದಿಲ್ಲ. 1946ರಲ್ಲಿ ಅದೇ ರೇಡಿಯೋ ಕಥೆ ಜನಾಂಗದ್ವೇಷಿ ಕ್ಲ್ಯಾನ್ ಗುಂಪನ್ನು ಬಯಲಿಗೆಳೆದದ್ದೂ ಮೆಚ್ಚತಕ್ಕದ್ದೇ. ಆದರೆ 1954ರಲ್ಲಿ ಪ್ರಕಾಶಕರೇ ಕೂಡಿ ಒಂದು ಸಂಹಿತೆ ಮಾಡಿದರು. ಪೊಲೀಸರು, ನ್ಯಾಯಾಧೀಶರು, ಅಧಿಕಾರಿಗಳು ಇವರ ಮೇಲೆ ಅಗೌರವ ಹುಟ್ಟುವಂತೆ ಏನನ್ನೂ ಬರೆಯಕೂಡದೆಂದು ವಿಧಿಸಿದರು. ಕೊಳಚೆ ಕೇರಿಯ ಬಂಡಾಯಗಾರ ಪೊಲೀಸರ ಆಪ್ತನಾದ. ಇದು ಕಾಲದ ಮಹಿಮೆಯೋ, ಮಾಲೀಕನ ಮಹಿಮೆಯೋ ವಾಚಕರೇ ಹೇಳಲಿ.

ಇನ್ನು ಕೂಲಿಯ ಲೆಕ್ಕ. 13 ಪುಟಗಳಿಗೆ ಪುಟಕ್ಕೆ 10 ಡಾಲರಿನಂತೆ 130 ಡಾಲರು ಕೊಟ್ಟು ಪ್ರಕಾಶಕರು ವೀರನ ಸಕಲ ಹಕ್ಕನ್ನೂ ಬರೆಸಿಕೊಂಡರು. ಆಮೇಲೆ ಕೆಲವು ವರ್ಷ ಅವರಿಗೆ ಒಳ್ಳೆಯ ಸಂಬಳವಿತ್ತಲ್ಲ ಎನ್ನುವವರಿದ್ದಾರೆ. ಇತ್ತು, ನಿಜ. ಆದರೆ 1947ರಲ್ಲಿ ಹಕ್ಕು ಕೇಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದೊಡನೆ ಕೆಲಸವೂ ಹೋಯಿತು, ಕಥೆಯ ಮೇಲಿದ್ದ ಹೆಸರೂ ಹೋಯಿತು. ಕೇಳುವತನಕ ಮಾತ್ರ ಸಿಗುವ ಸಂಬಳ ಎಂತಹದೆಂದು ನಮ್ಮ ಗಿರಣಿ ಬಂಧುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಆ 130 ಡಾಲರೂ ಸೇರಿದ್ದ ಚೆಕ್ಕಿನ ಚೀಟಿಯೇ 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು! ಮೊದಲ ಸಂಚಿಕೆಯ ಒಂದೇ ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಬಿಕರಿಯಾಯಿತು.

ಈಗಿನ ಕಥೆಗಳಲ್ಲಿ ಖಳನಾಯಕ ಲೂಥರ್ ದೊಡ್ಡ ಬಂಡವಾಳಗಾರನಲ್ಲವೆ, ಆ ಹಳೆಯ ಕಿಡಿ ಮರಳಿ ಬಂದಂತಲ್ಲವೆ ಎಂದು ಕೆಲವರು ಕೇಳುತ್ತಾರೆ. ಹುಚ್ಚು ವಿಜ್ಞಾನಿಯಾಗಿದ್ದ ಲೂಥರನನ್ನು 1986ರಲ್ಲಿ ಕಂಪನಿಗಳ ಒಡೆಯನನ್ನಾಗಿ ಮಾಡಿದರು, ದಿಟ. ಆದರೆ ಆ ಕಥೆಯನ್ನು ಮಾರಿದ್ದೂ ಒಂದು ದೊಡ್ಡ ಕಂಪನಿಯೇ. ಲಾಭ ಬರುವುದಾದರೆ ಬಂಡವಾಳಶಾಹಿ ತನ್ನ ಮೇಲಿನ ಸಿಟ್ಟನ್ನೂ ಪೊಟ್ಟಣ ಕಟ್ಟಿ ಮಾರುತ್ತದೆ. ಗಣಿಯ ಮಾಲೀಕನಿಗೆ ಬುದ್ಧಿ ಕಲಿಸುವ ಕಥೆಗೆ ಗಣಿ ಕಾರ್ಮಿಕ ಚಪ್ಪಾಳೆ ತಟ್ಟಿ ಮನೆಗೆ ಹೋದರೆ, ಮಾಲೀಕನಿಗೆ ನಷ್ಟವೇನು?

1975ರಲ್ಲಿ ಶುಸ್ಟರನಿಗೆ ಕಣ್ಣು ಬಹುಪಾಲು ಹೋಗಿತ್ತು, ಸೀಗೆಲ್ ಗುಮಾಸ್ತಗಿರಿಯಲ್ಲಿದ್ದ. ಭಾರಿ ಖರ್ಚಿನ ಚಲಚ್ಚಿತ್ರ ಸಿದ್ಧವಾಗುತ್ತಿತ್ತು. ಆಗ ಸೀಗೆಲ್ ತನಗಾದ ಅನ್ಯಾಯವನ್ನು ಪತ್ರಿಕೆಗಳಿಗೆ ಬರೆದ. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಮೊದಲಾದ ಚಿತ್ರಕಾರರು ಅವರ ಪರ ನಿಂತು ಚಳವಳಿ ಹೂಡಿದರು, ವ್ಯಂಗ್ಯಚಿತ್ರಕಾರರ ಸಂಘವೂ ಕೈಗೂಡಿಸಿತು. ಕಂಪನಿ ಮಣಿದು ಇಬ್ಬರಿಗೂ ತಲಾ ವರ್ಷಕ್ಕೆ 20,000 ಡಾಲರು ವೇತನ ಕೊಡಲೊಪ್ಪಿತು. ಅಳಿಸಿದ್ದ ಹೆಸರನ್ನು ಮತ್ತೆ ಅಚ್ಚು ಹಾಕಿತು. ಹಕ್ಕು ಮಾತ್ರ ಕೊಡಲಿಲ್ಲ.

ಅಷ್ಟಾದರೂ ದೊರಕಿದ್ದು ಯಾರಿಂದ? ಬೆಟ್ಟ ಎತ್ತುವ, ಗುಂಡಿಗೆ ಅಂಜದ ವೀರನಿಂದಲ್ಲ. ಅವನು ಮಾಲೀಕನ ಬೀರುವಿನಲ್ಲಿ ಕಾಗದಪತ್ರವಾಗಿ ಬಿದ್ದಿದ್ದ. ತನ್ನನ್ನು ಹಡೆದವರ ಕೈಹಿಡಿಯಲೂ ಅವನಿಂದಾಗಲಿಲ್ಲ. ಅವರ ಕೈಹಿಡಿದವರು ಅದೇ ಕಸುಬಿನ ಸಾಮಾನ್ಯ ದುಡಿಮೆಗಾರರು. ಆಕಾಶದಿಂದ ಇಳಿದು ಬರುವವನಿಗಾಗಿ ಕಾಯುವ ಬಂಧುಗಳು ಮೊದಲು ಪಕ್ಕದ ಮಗ್ಗದವನ, ಪಕ್ಕದ ಅಂಗಡಿಯವನ ಹೆಗಲಿಗೆ ಹೆಗಲು ಕೊಡಲಿ.