ಹೋದ ದೃಷ್ಟಿ ಮರಳದು

“ಪೊರೆ ಇರಬೇಕು, ಬಲಿತ ಮೇಲೆ ತೆಗೆಸೋಣ” ಎಂದು ನಮ್ಮ ಗಿರಣಿ ಬಂಧುಗಳೂ ಅಂಗಡಿಕಾರರೂ ದಿನ ದೂಡುತ್ತಾರೆ. ಪೊರೆಯಾದರೆ ಶಸ್ತ್ರಕ್ರಿಯೆಯಿಂದ ದೃಷ್ಟಿ ಮರಳೀತು. ಗ್ಲಾಕೋಮಾದಲ್ಲಿ ಹೋದದ್ದು ಹೋದಂತೆಯೇ. ಅದು ಬಹುಮಟ್ಟಿಗೆ ನೋವಿಲ್ಲದೆ, ಪಕ್ಕದ ನೋಟದಿಂದ ಆರಂಭಿಸಿ, ಕಣ್ಣಿನ ನರವನ್ನು ಕೆಡಿಸುತ್ತದೆ. ಕಣ್ಣೊತ್ತಡ ಅಳೆದರಷ್ಟೇ ಸಾಲದು. ಒತ್ತಡ ಸರಿಯಿದ್ದವರಿಗೂ ಈ ರೋಗ ಬರುವುದುಂಟು. ವೈದ್ಯರು ಒಳಗಿನ ನರವನ್ನು ನೋಡಬೇಕು, ನೋಟದ ಹರವನ್ನೂ ಪರೀಕ್ಷಿಸಬೇಕು. ನಿತ್ಯದ ಹನಿಮದ್ದು, ಲೇಸರ್ ಇಲ್ಲವೆ ಶಸ್ತ್ರಕ್ರಿಯೆಯಿಂದ ಒತ್ತಡ ಇಳಿಸಿದರೆ ಉಳಿದ ದೃಷ್ಟಿಯನ್ನು ಕಾಯಬಹುದು. ಆದರೆ ದಿನಗೂಲಿ ಬಿಟ್ಟು ಪರೀಕ್ಷೆಗೆ ಯಾರು ಹೋದಾರು? ಜೀವಮಾನವಿಡೀ ಹನಿಮದ್ದನ್ನು ಯಾರು ಕೊಂಡಾರು? 40 ದಾಟಿದವರಿಗೆ ಕೂಲಿಸಹಿತ ರಜೆಯಲ್ಲಿ ಪರೀಕ್ಷೆ, ಸರಕಾರಿ ಆಸ್ಪತ್ರೆಯಲ್ಲಿ ತಪ್ಪದೆ ಉಚಿತ ಹನಿಮದ್ದು ಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಹೆತ್ತವರಿಗಾಗಲಿ ಒಡಹುಟ್ಟಿದವರಿಗಾಗಲಿ ಈ ರೋಗವಿರುವವರು ಮಾತ್ರ ಬೇಡಿಕೆ ಈಡೇರುವತನಕ ಕಾಯದಿರಿ; ನಾಳೆಯೇ ಹೋಗಿ.